ಹಿಂದಿನಿಂದ ಗುದ್ದಿದವನೇ ತಪ್ಪಿತಸ್ಥನೆ?

ಲಾರಿಯ ಬೆನ್ನಿಗೆ ಬೈಕು ಬಡಿದು ಮನೆಯ ಯಜಮಾನ ಸತ್ತನೆನ್ನಿ. ಪರಿಹಾರ ಕೇಳಿ ಕೋರ್ಟಿಗೆ ಹೋದ ಹೆಂಡತಿಯ ಕೈಗೆ ವಿಮಾ ಕಂಪನಿಯ ತಕರಾರು ಬರುತ್ತದೆ. ಅದರ ಒಕ್ಕಣೆ ಎಲ್ಲ ಊರಿನಲ್ಲೂ ಒಂದೇ: ಮೃತನು ಹಿಂದಿನಿಂದ ಬಂದು ಗುದ್ದಿದ್ದಾನೆ, ತಪ್ಪು ಅವನದೇ, ಕಂಪನಿ ಹೊಣೆಯಲ್ಲ. ಮೂರು ಮಾತಿನಲ್ಲಿ ಒಂದು ಸಂಸಾರದ ಕತೆ ಮುಗಿಯಿತು! ಕೇಳಿದವರಿಗೆ ಇದು ಕಾಯದೆಯ ಮಾತೆಂದೇ ತೋರುತ್ತದೆ. ಊರಿನ ಬುದ್ಧಿವಂತರೂ ತಲೆಯಾಡಿಸಿ, "ಹೌದಲ್ಲ, ಮುಂದಿದ್ದವ ಏನು ಮಾಡಿಯಾನು?" ಎನ್ನುತ್ತಾರೆ. ಆದರೆ ಇದು ಕಾಯದೆಯ ಅರ್ಧ ಮಾತ್ರ. ಉಳಿದರ್ಧವನ್ನು ಕಂಪನಿಯವರು ಹೇಳುವುದಿಲ್ಲ, ಪೋಲೀಸರು ಬರೆದುಕೊಳ್ಳುವುದಿಲ್ಲ, ನಮ್ಮ ಜನ ಕೇಳುವುದಿಲ್ಲ. ಆ ಉಳಿದರ್ಧವನ್ನು ಮಾಜಾಳಿಯಿಂದ ಅಂಕೋಲೆಯವರೆಗಿನ ದುಡಿಯುವ ಜನರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾಳಿ ನದಿ ದಾಟಿ, ಸದಾಶಿವಗಡ ಹಿಂದೆ ಹಾಕಿ ಹೋದರೆ ಈ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ಊರು ಮಾಜಾಳಿ. ಅದರಾಚೆ ಗೋವೆಯ ಪೋಳೆಂ. ಹಿಂದೆ 17ನೆಯ ನಂಬರಿನದೆಂದು ಕರೆಸಿಕೊಳ್ಳುತ್ತಿದ್ದ, ಇಂದು 66ನೆಯ ನಂಬರಿನ ಈ ರಸ್ತೆ ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುತ್ತದೆ. ಸಿಮೆಂಟು, ಗ್ಯಾಸು, ಮೀನು, ಮದ್ಯ, ಕಬ್ಬಿಣ ಎಲ್ಲವೂ ನಮ್ಮ ಮನೆಯ ಮುಂದೆಯೇ ಹಾಯಬೇಕು. ಹುಬ್ಬಳ್ಳಿಯ ಕಡೆಯಿಂದ ಘಟ್ಟ ಇಳಿದ ಲಾರಿಗಳು ಅಂಕೋಲೆಯಲ್ಲಿ ಬಂದು ಕೂಡಿಕೊಳ್ಳುತ್ತವೆ. ಬೇಲೆಕೇರಿ ಬಂದರಿಗೆ ಬಳ್ಳಾರಿಯ ಅದಿರು ಹರಿದ ದಿನಗಳಲ್ಲಿ ಆ ಘಟ್ಟದ ರಸ್ತೆಯ ಮೇಲೆ ನಮ್ಮವರು ಜೀವ ಕೈಯಲ್ಲಿ ಹಿಡಿದು ಓಡಾಡಿದ್ದನ್ನು ಯಾರೂ ಮರೆತಿಲ್ಲ. ಲೋಕಾಯುಕ್ತರ 2011ರ ವರದಿ ಅದಿರಿನ ಲೆಕ್ಕ ಹಿಡಿಯಿತು. ಆ ಲಾರಿಗಳ ಕೆಳಗೆ ಹೋದವರ ಲೆಕ್ಕವನ್ನು ಯಾವ ವರದಿಯೂ ಹಿಡಿಯಲಿಲ್ಲ.

ಮಾಜಾಳಿಯ ನಾಕೆಯಲ್ಲಿ ತಪಾಸಣೆ ನಡೆದಾಗ ಲಾರಿಗಳು ಸಾಲುಗಟ್ಟುತ್ತವೆ. ಕತ್ತಲಾದ ಮೇಲೆ, ಮಳೆ ಹೊಯ್ಯುವಾಗ, ಹಿಂದಿನ ದೀಪವಿಲ್ಲದ ಲಾರಿಯೊಂದು ಅರ್ಧ ಚಕ್ರ ಡಾಂಬರಿನ ಮೇಲಿಟ್ಟು ನಿಂತಿದ್ದರೆ ಅದು ಲಾರಿಯೋ ಕತ್ತಲೆಯ ಒಂದು ತುಂಡೋ ಎಂದು ಹತ್ತು ಮಾರಿನಿಂದ ಕೂಡ ತಿಳಿಯುವುದಿಲ್ಲ. ಗೋವೆಯಲ್ಲಿ ಕೆಲಸ ಮುಗಿಸಿ, ಕಾಣಕೋಣದ ಮೇಲಿಂದ ಮನೆಗೆ ಮರಳುವ ಗೌಂಡಿ, ಹೋಟೆಲಿನ ಹುಡುಗ, ಮೀನು ಕಾರಖಾನೆಯ ಕೂಲಿಕಾರ ಇವರಿಗೆಲ್ಲ ಇದೇ ದಾರಿ, ಇದೇ ಹೊತ್ತು. ಕೇಂದ್ರ ಸರಕಾರದ ರಸ್ತೆ ಸಾರಿಗೆ ಮಂತ್ರಾಲಯದ ಲೆಕ್ಕವನ್ನೇ ನೋಡೋಣ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅಪಘಾತಗಳಲ್ಲಿ ಐದಕ್ಕೊಂದು ಹಿಂದಿನಿಂದ ಬಡಿದವು.

ಇನ್ನು ಕಾಯದೆಗೆ ಬರೋಣ. ಮುಂದಿನ ವಾಹನಕ್ಕೂ ತನ್ನ ವಾಹನಕ್ಕೂ ಸಾಕಷ್ಟು ಅಂತರವಿಟ್ಟು ನಡೆಸಬೇಕೆಂಬುದು ರಸ್ತೆಯ ನಿಯಮ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಚಲಿಸುತ್ತಿದ್ದ ಲಾರಿಯ ಬೆನ್ನಿಗಂಟಿಕೊಂಡು ಹೋಗಿ ಬಡಿದ ಕಾರಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಇದೇ ನಿಯಮದ ಆಧಾರದಿಂದ ಲಾರಿಯ ಮೇಲೆ ತಪ್ಪು ಹೊರಿಸಲು ಒಪ್ಪಲಿಲ್ಲ. ಕಂಪನಿಗಳ ವಕೀಲರು ಈ ತೀರ್ಪನ್ನು ಕಿಸೆಯಲ್ಲಿ ಇಟ್ಟುಕೊಂಡೇ ಕೋರ್ಟಿಗೆ ಬರುತ್ತಾರೆ.

ಆದರೆ ಅದೇ ವರುಷ ಅದೇ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ರಾತ್ರಿ ಹೆದ್ದಾರಿಯಲ್ಲಿ ದೀಪ, ಸೂಚನೆ ಏನೂ ಇಲ್ಲದೆ ನಿಂತಿದ್ದ ಗ್ಯಾಸಿನ ಟ್ಯಾಂಕರಿಗೆ ಒಂದು ಕುಟುಂಬದ ಕಾರು ಬಡಿದಿತ್ತು. ಹೈಕೋರ್ಟು ಕಾರಿನವನದೂ ಅರ್ಧ ತಪ್ಪೆಂದು ಪರಿಹಾರ ಕಡಿದಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿ, ಪೂರ್ಣ ತಪ್ಪು ಟ್ಯಾಂಕರಿನದೇ ಎಂದಿತು. 2024ರ ಸೆಪ್ಟೆಂಬರದಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ಅಲ್ಲಿಗೆ ಹೋಯಿತು. 2013ರಲ್ಲಿ ಹೆದ್ದಾರಿಯ ನಡುವೆ ದೀಪವಿಲ್ಲದೆ ನಿಲ್ಲಿಸಿದ್ದ 14 ಚಕ್ರದ ಲಾರಿಗೆ ಕಾರು ಬಡಿದು ಒಂದು ಸಂಸಾರವೇ ಹಾಳಾಗಿತ್ತು. ಇಲ್ಲಿಯ ನ್ಯಾಯಮಂಡಳಿಯೂ ಹೈಕೋರ್ಟೂ ಅರ್ಧ ಅರ್ಧ ಎಂದು ಹಂಚಿದ್ದವು. ಸರ್ವೋಚ್ಚ ನ್ಯಾಯಾಲಯ ಲಾರಿಯೇ ಪೂರ್ಣ ಹೊಣೆ ಎಂದಿತು. ಮತ್ತೂ ಒಂದು ಮಾತು ಹೇಳಿತು: ಕಾರು ನಡೆಸಿದವನದು ತಪ್ಪಿದ್ದರೂ ಆ ತಪ್ಪನ್ನು ಕಾರಿನಲ್ಲಿ ಕುಳಿತವರ ತಲೆಗೆ ಕಟ್ಟಿ ಅವರ ಪರಿಹಾರ ಕಡಿಯಲು ಬರುವುದಿಲ್ಲ. ಇದನ್ನು ಹೇಳಲು ದಿಲ್ಲಿಯವರೆಗೆ ಹೋಗಬೇಕಾಯಿತೆ? ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಕೂಸು ಸ್ಟಿಯರಿಂಗ್ ಹಿಡಿದಿತ್ತೆ? ಹನ್ನೊಂದು ವರುಷ! ಅಷ್ಟರಲ್ಲಿ ಒಂದನೆಯ ಇಯತ್ತೆಯ ಹುಡುಗ ಕಾಲೇಜು ಸೇರುತ್ತಾನೆ.

ವಾಹನವನ್ನು ಅಪಾಯವಾಗುವಂತೆ ದಾರಿಯಲ್ಲಿ ನಿಲ್ಲಿಸಬಾರದೆಂದು ಮೋಟಾರು ವಾಹನ ಕಾಯದೆಯ 122ನೆಯ ಕಲಮು ಹೇಳುತ್ತದೆ. ಹಿಂಬದಿಗೆ ಕೆಂಪು ದೀಪ, ಬೆಳಕಿಗೆ ಹೊಳೆಯುವ ಪಟ್ಟಿ, ಸಣ್ಣ ವಾಹನ ಲಾರಿಯ ಅಡಿಗೆ ನುಗ್ಗಿ ಹೋಗದಂತೆ ತಡೆಯುವ ಕಬ್ಬಿಣದ ಅಡ್ಡಪಟ್ಟಿ ಇರಬೇಕೆಂದು ನಿಯಮಗಳು ಹೇಳುತ್ತವೆ. ಈ ಅಡ್ಡಪಟ್ಟಿಯ ಮಾತು ಸಣ್ಣದಲ್ಲ. ಅದಿಲ್ಲದ ಲಾರಿಗೆ ಬಡಿದವನ ಎದೆ ತಲೆಗಳು ನೇರ ಲಾರಿಯ ಚೌಕಟ್ಟಿಗೆ ಹೋಗಿ ತಗಲುತ್ತವೆ. ಕೈಕಾಲು ಮುರಿದು ಬದುಕಬೇಕಾದವನು ಸಾಯುತ್ತಾನೆ.

ತಪ್ಪನ್ನು ಅರ್ಧ ಮಾಡಿದರೆ ಏನಾಗುತ್ತದೆಂಬುದನ್ನು ಶಾಲೆಯ ಹಲಗೆಯ ಮೇಲೆ ಬರೆದಂತೆ ಬಿಡಿಸಿ ತೋರಿಸೋಣ. 32 ವರುಷದ ಗೌಂಡಿ, ತಿಂಗಳಿಗೆ 15,000 ರೂಪಾಯಿ ಗಳಿಕೆ, ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ವರುಷದ ಗಳಿಕೆ 1,80,000. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಯೆಂದು, 2017ರ ಸಂವಿಧಾನ ಪೀಠದ ತೀರ್ಪಿನಂತೆ, ನೂರಕ್ಕೆ ನಲವತ್ತು ಸೇರಿಸಿದರೆ 2,52,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ತೆಗೆದರೆ 1,89,000. ಆ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ. ಇತರ ಬಾಬುಗಳ ಸಣ್ಣ ಮೊತ್ತಗಳನ್ನು ಬಿಟ್ಟುಬಿಡೋಣ. ಈಗ "ಮೃತನದೂ ಅರ್ಧ ತಪ್ಪು" ಎಂಬ ಒಂದು ಗೆರೆ ಬಂತೆನ್ನಿ. 15,12,000 ರೂಪಾಯಿ ಹಾರಿಹೋಯಿತು. ಆ ಹಣ ಎಲ್ಲಿ ಹೋಯಿತು? ಕಂಪನಿಯ ಪೆಟ್ಟಿಗೆಯಲ್ಲೇ ಉಳಿಯಿತು. ಲಾರಿಯ ಮಾಲೀಕ ವರುಷವರುಷ ತುಂಬಿದ ಕಂತು ಇಂಥದೇ ದಿನಕ್ಕಾಗಿ ಅಲ್ಲವೆ?

ಆ ಒಂದು ಗೆರೆ ಹುಟ್ಟುವುದು ಕೋರ್ಟಿನಲ್ಲಲ್ಲ. ಅದು ಹುಟ್ಟುವುದು ಪಂಚನಾಮೆಯಲ್ಲಿ. ಅಪಘಾತವಾದ ಒಂದೆರಡು ತಾಸಿನಲ್ಲಿ, ಹೆಣ ಎತ್ತಿ, ರಸ್ತೆ ತೆರವು ಮಾಡುವ ಅವಸರದಲ್ಲಿ, ಜಮಾದಾರರು ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆಯುತ್ತಾರೆ. ಪಂಚರು ಯಾರು? ಪಕ್ಕದ ಚಹದಂಗಡಿಯವ, ದಾರಿಹೋಕ ಒಬ್ಬ. ಮನೆಯಲ್ಲಿ ಕೊಂಕಣಿ ಆಡುವ ಅವರಿಗೆ ಕಚೇರಿಯ ಕನ್ನಡದ ಆ ಉದ್ದ ವಾಕ್ಯಗಳನ್ನು ಯಾರೂ ಓದಿ ಹೇಳುವುದಿಲ್ಲ. ಸಹಿ ಮಾತ್ರ ತೆಗೆದುಕೊಳ್ಳುತ್ತಾರೆ. ಬಡಿದವನು ಸತ್ತಿದ್ದಾನೆ ಅಥವಾ ಆಸ್ಪತ್ರೆಯಲ್ಲಿದ್ದಾನೆ. ಬಾಯಿ ಇರುವವನು ಲಾರಿಯವನೊಬ್ಬನೇ. ಅವನು ಹೇಳಿದ್ದೇ ಫಿರ್ಯಾದಿಯಾಗುತ್ತದೆ, ಸತ್ತವನೇ ಆರೋಪಿಯಾಗುತ್ತಾನೆ! ಲಾರಿಯ ಹಿಂದಿನ ದೀಪ ಉರಿಯುತ್ತಿತ್ತೆ, ಎಷ್ಟು ಭಾಗ ಡಾಂಬರಿನ ಮೇಲಿತ್ತು, ಎಚ್ಚರಿಕೆಯ ತ್ರಿಕೋನ ಇಟ್ಟಿದ್ದರೆ, ಅಡ್ಡಪಟ್ಟಿ ಇತ್ತೆ, ಈ ನಾಲ್ಕು ಪ್ರಶ್ನೆಗೆ ಆ ಕಾಗದದಲ್ಲಿ ಉತ್ತರ ಹುಡುಕಿ ನೋಡಿ, ಸಿಗುವುದು ಅಪರೂಪ. ಮುಂದೆ ಸಾರಿಗೆ ಇಲಾಖೆಯ ಇನ್ಸಪೆಕ್ಟರರು ಬಂದು ಬ್ರೇಕು ಸರಿಯಿತ್ತೆಂದು ಬರೆಯುತ್ತಾರೆ. ನಿಂತ ಲಾರಿಯ ಬ್ರೇಕಿನಿಂದ ಯಾರಿಗೇನು?

ಒಂದು ಕಾಲಕ್ಕೆ ಈ ಜಿಲ್ಲೆಯ ಗೇಣಿ ಒಕ್ಕಲಿಗರು ಪಾವತಿ ಚೀಟಿಯಿಲ್ಲದೆ ಗೇಣಿ ಅಳೆದು, ಮರುವರುಷ ಒಡೆಯನ ಬಾಯಿಮಾತಿಗೆ ಸಿಕ್ಕಿ ಹೊಲ ಕಳೆದುಕೊಂಡರು. ಕಾಗದದ ಬೆಲೆಯನ್ನು ನಮ್ಮ ಹಿರಿಯರು ಹಾಗೆ ಕಲಿತರು. ಇಂದು ಪಂಚನಾಮೆಯ ನಕಲು ಆ ಚೀಟಿಯ ಸ್ಥಾನದಲ್ಲಿದೆ.

ಇನ್ನು ಗಾಯಾಳುವಿನ ಮಾತು. ತಲೆಗೆ ಪೆಟ್ಟಾದವನನ್ನು ಕಾರವಾರದ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಗೋವೆಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಸಾಗಿಸುವುದು ಈ ಜಿಲ್ಲೆಯ ಹಣೆಬರಹವಾಗಿದೆ. ದೊಡ್ಡ ಆಸ್ಪತ್ರೆಗಾಗಿ ಜನ 2022ರಲ್ಲಿ ಬೀದಿಗಿಳಿದು ಕೂಗಿದ್ದು ಇದಕ್ಕಾಗಿಯೇ. ಮಾಜಾಳಿಯವನಿಗೆ ಹತ್ತಿರದ್ದೆಂದರೆ ಗೋವೆಯ ಬಾಂಬೋಳಿ. ಹೀಗೆ ಗಾಯದ ದಾಖಲೆ ಗೋವೆಯಲ್ಲಿ, ಅಪಘಾತದ ದಾಖಲೆ ಚಿತ್ತಾಕುಲ ಠಾಣೆಯಲ್ಲಿ, ಲಾರಿಯ ಕಾಗದ ಮಹಾರಾಷ್ಟ್ರದಲ್ಲೋ ಕೇರಳದಲ್ಲೋ. ಮನೆಯವರು ಜೀವ ಉಳಿಸಲು ಓಡಾಡಿ ನಾಲ್ಕು ದಿನ ತಡವಾಗಿ ಫಿರ್ಯಾದಿ ಕೊಟ್ಟರೆ, "ತಡವೇಕೆ? ಕಟ್ಟುಕತೆ!" ಎಂದು ಕಂಪನಿಯ ವಕೀಲರು ಎದ್ದು ನಿಲ್ಲುತ್ತಾರೆ. ಫಿರ್ಯಾದಿ ತಡವಾಯಿತೆಂಬುದೊಂದೇ ಕಾರಣಕ್ಕೆ ಪರಿಹಾರದ ಅರ್ಜಿ ತಳ್ಳಬಾರದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ಅಪಘಾತ ಪೋಳೆಂನಲ್ಲಾಗಿದ್ದರೂ ಅರ್ಜಿದಾರ ತಾನು ವಾಸಿಸುವ ಕಡೆಯ ನ್ಯಾಯಮಂಡಳಿಗೇ ಹೋಗಬಹುದು, ಗೋವೆಗೆ ಅಲೆಯಬೇಕಾಗಿಲ್ಲ. ಒಂದು ಬೈಕಿನ ಮೇಲೆ ಮೂವರಿದ್ದರೆಂದು ಪರಿಹಾರ ಕಡಿಯುವ ಚಾಳಿಯೂ ಇದೆ. ಹಿಂದಿನಿಂದ ಕಾರು ಬಡಿದ ಒಂದು ಪ್ರಕರಣದಲ್ಲಿ 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೂ ಒಪ್ಪಲಿಲ್ಲ: ಮೂವರು ಕುಳಿತದ್ದರಿಂದಲೇ ಅಪಘಾತವಾಯಿತೆಂದು ತೋರಿಸದೆ ಹಣ ಕಡಿಯಬಾರದು.

ಕಾಯದೆ ಮಾಡುವವರು ಏನು ಮಾಡಿದ್ದಾರೆ ನೋಡಿ. ಅರ್ಜಿಗೆ ಆರು ತಿಂಗಳ ಗಡುವು ಹಿಂದೆ ಇತ್ತು. ಬಡವರಿಗೆ ಅನ್ಯಾಯವಾಗುತ್ತದೆಂದು 1994ರಲ್ಲಿ ಅದನ್ನು ತೆಗೆದುಹಾಕಿದರು. 2019ರ ತಿದ್ದುಪಡಿಯಲ್ಲಿ ಅದೇ ಗಡುವನ್ನು ಮತ್ತೆ ತಂದು, 2022ರ ಏಪ್ರಿಲ್ 1ರಿಂದ ಜಾರಿ ಮಾಡಿದರು. ಕಾಲು ಮುರಿದವನು ಎದ್ದು ನಿಲ್ಲಲು ಆರು ತಿಂಗಳು ಸಾಲುವುದಿಲ್ಲ, ಗಂಡ ಸತ್ತವಳು ಕಾಗದ ಕೂಡಿಸಲು ಸಾಲುವುದಿಲ್ಲ. ಗಡುವಿನ ಕಾರಣದಿಂದ ಅರ್ಜಿ ತಳ್ಳಬೇಡಿರೆಂದು 2025ರ ನವೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯ ಮಧ್ಯಂತರ ಆಜ್ಞೆ ಕೊಟ್ಟದ್ದು ನಿಜ. ಮಧ್ಯಂತರ ಆಜ್ಞೆಯ ನೆರಳಿನಲ್ಲಿ ಮನೆ ಕಟ್ಟಲಾಗದು. ಕಲಮನ್ನೇ ಪಾರ್ಲಿಮೆಂಟು ಕಿತ್ತುಹಾಕಬೇಕು.

ಅದೇ 2019ರ ತಿದ್ದುಪಡಿ ಒಂದು ಆಮಿಷವನ್ನೂ ಇಟ್ಟಿದೆ. ಯಾರ ತಪ್ಪೆಂದು ಕೇಳದೆ ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ. ತಪ್ಪು ಕೇಳದೆ ಹಣ ಕೊಡಬೇಕೆಂಬುದು ನಮ್ಮ ಸಮಾಜವಾದಿ ಬೇಡಿಕೆಯೇ. ಹಿಂದಿನಿಂದ ಬಡಿದವನ ಮನೆಗೂ ಇದು ದಾರಿಯೇ. 1982ರಲ್ಲಿ ಈ ತತ್ತ್ವ ಕಾಯದೆಗೆ ಮೊದಲು ಬಂದಾಗ ಸಾವಿಗೆ 15,000 ರೂಪಾಯಿ ಇತ್ತು. ಆದರೆ ಈ 5 ಲಕ್ಷ ಒಪ್ಪಿಕೊಂಡರೆ ಆ 30 ಲಕ್ಷದ ಅರ್ಜಿ ಬಿದ್ದುಹೋಗುತ್ತದೆ. ಹನ್ನೊಂದು ದಿನದ ಕ್ರಿಯೆ ಮುಗಿಯುವ ಮೊದಲೇ ಸಹಿ ಕೇಳುವವರಿಗೆ ಇದು ಚೆನ್ನಾಗಿ ಗೊತ್ತು. ಮನೆಯವಳಿಗೆ ಗೊತ್ತಿಲ್ಲ. ಇನ್ನು, ಹಿಂದಿನಿಂದ ಬಡಿದ ಲಾರಿ ನಿಲ್ಲದೆ ಓಡಿಹೋಗಿ ನಂಬರು ಸಿಗದಿದ್ದರೆ? ಆಗ ಸರಕಾರಿ ಯೋಜನೆಯಿಂದ ಸಾವಿಗೆ 2 ಲಕ್ಷ, ಭಾರಿ ಗಾಯಕ್ಕೆ 50,000. ಸತ್ತವನು ಅದೇ ಮನುಷ್ಯ, ಹಸಿದ ಮಕ್ಕಳೂ ಅವೇ. ಲಾರಿ ವೇಗವಾಗಿ ಓಡಿತೆಂದು ಅವರ ಅನ್ನ ಕಡಿಮೆಯಾಯಿತು!

ಲೋಕ ಅದಾಲತ್ತಿನ ಮಾತನ್ನೂ ಹೇಳಿಬಿಡುತ್ತೇವೆ. ಬೇಗ ಮುಗಿಯುವುದು ಒಳ್ಳೆಯದೇ. ಆದರೆ ಅಲ್ಲಿ ಸಹಿ ಮಾಡಿದರೆ ಅಪೀಲಿಲ್ಲ. ಎಂಟು ಲಕ್ಷಕ್ಕೆ "ಮುಗಿಸಿಕೊಳ್ಳಿ" ಎಂದು ಎರಡೂ ಕಡೆಯವರು ಬಡವಿಯೊಬ್ಬಳನ್ನೇ ನೋಡುವಾಗ, ರಾಜಿ ಯಾರಿಗೆ ಅನುಕೂಲವೆಂದು ಕೇಳಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಲಾರಿಯ ಚಾಲಕನನ್ನು ಹಿಡಿದು ಬಡಿಯಲು ಹೋಗುವವರೊಡನೆ ನಾವಿಲ್ಲ. ಆತನೂ ಕೂಲಿಕಾರ. ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಎಂದು ಪಾರ್ಲಿಮೆಂಟು 1961ರಲ್ಲಿಯೇ ಮೋಟಾರು ಕಾರ್ಮಿಕರಿಗಾಗಿ ಬರೆಯಿತು. 2025ರ ನವೆಂಬರದಲ್ಲಿ ಆ ಕಾಯದೆ ಹೊಸ ಕಾರ್ಮಿಕ ಸಂಹಿತೆಯ ಹೊಟ್ಟೆಯೊಳಗೆ ಸೇರಿಹೋಯಿತು. ಎಂಟೇ ತಾಸು ನಡೆಸಿ ಮಲಗುವ ಲಾರಿ ಚಾಲಕನನ್ನು ಈ ಹೆದ್ದಾರಿಯಲ್ಲಿ ಯಾರಾದರೂ ಕಂಡಿದ್ದರೆ ನಮಗೆ ತೋರಿಸಲಿ. ದೀಪ ಸುಟ್ಟಿದೆ ಎಂದರೆ "ಮುಂದಿನ ಟ್ರಿಪ್ಪಿನಲ್ಲಿ ನೋಡೋಣ" ಎನ್ನುವವನು ಮಾಲೀಕ; ಲಾರಿ ನಿಲ್ಲಿಸಲು ಜಾಗ ಮಾಡದೆ ಟೋಲು ಎತ್ತುವವರು ಬೇರೆ. ಅಪಘಾತ ಮಾಡಿ ತಿಳಿಸದೆ ಓಡಿದ ಚಾಲಕನಿಗೆ ಹತ್ತು ವರುಷದ ಜೈಲೆಂದು ಹೊಸ ದಂಡಸಂಹಿತೆಯಲ್ಲಿ ಬರೆದಾಗ 2024ರ ಜನವರಿಯಲ್ಲಿ ದೇಶದ ಚಾಲಕರು ಮುಷ್ಕರ ಹೂಡಿದರು. ಸರಕಾರ ಆ ಉಪಕಲಮನ್ನು ಜಾರಿ ಮಾಡದೆ ತಡೆಹಿಡಿಯಿತು. ಮಾಲೀಕನಿಗೆ ಎಷ್ಟು ವರುಷ ಎಂದು ಆಗ ಯಾರೂ ಕೇಳಲಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿ ನದಿಗೆ ಬಿದ್ದಾಗ, ತಮಿಳುನಾಡಿನ ಆ ಚಾಲಕನನ್ನು ಬದುಕಿಸಲು ನೀರಿಗಿಳಿದವರಲ್ಲಿ ನಮ್ಮ ಮೀನುಗಾರರಿದ್ದರು. ಅವರಿಗೆ ಈ ಸಂಬಂಧ ತಿಳಿದಿದೆ.

ವಿಮೆಯ ಕಂಪನಿಗಳನ್ನು 1973ರಲ್ಲಿ ರಾಷ್ಟ್ರೀಕರಿಸಿದಾಗ ಸಮಾಜವಾದಿಗಳು ಸಂತೋಷಪಟ್ಟಿದ್ದರು. ಜನರ ಕಂಪನಿ ಜನರೊಡನೆ ಜಗಳಾಡಲಾರದೆಂದು ನಂಬಿದ್ದರು. 1979ರಲ್ಲಿಯೇ ಹರಿಯಾಣದಲ್ಲಿ ಸರಕಾರಿ ಬಸ್ಸಿಗೆ ಸಿಕ್ಕಿ ಸತ್ತವನ ಹೆಂಡತಿ ಮಗಳಿಂದ ಕೋರ್ಟು ಫೀ ವಸೂಲು ಮಾಡಲು ಸರಕಾರವೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ನ್ಯಾಯಮೂರ್ತಿ ಕೃಷ್ಣಯ್ಯರರಿಂದ ಛೀಮಾರಿ ತಿಂದು ಬಂದಿತು. 2000ದ ಹೊತ್ತಿಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಇಂದು ಸರಕಾರಿ ಕಂಪನಿಯ ತಕರಾರಿಗೂ ಖಾಸಗಿ ಕಂಪನಿಯ ತಕರಾರಿಗೂ ಹೆಸರು ತೆಗೆದರೆ ವ್ಯತ್ಯಾಸ ಕಾಣುವುದಿಲ್ಲ. ಒಡೆತನ ಬದಲಾದರೆ ಸಾಲದು, ಕಂಪನಿಯ ಲಾಭ ನಷ್ಟದ ಲೆಕ್ಕದಿಂದಲೇ ಸತ್ತವನ ಮನೆಯನ್ನು ಹೊರಗೆ ತರಬೇಕು.

ನಾವು ಹೊಸ ಕಾಯದೆಯನ್ನೇ ಬೇಡುತ್ತಿಲ್ಲ. ಇರುವುದನ್ನು ನಡೆಸಿರಿ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಅಪಘಾತದ ಮೊದಲ ವರದಿಯನ್ನು ಪೋಲೀಸರು 48 ತಾಸಿನೊಳಗೆ, ಪೂರ್ಣ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ನಡೆಸಬೇಕೆಂದು 166ನೆಯ ಕಲಮು ಹೇಳುತ್ತದೆ. ಅಂದರೆ ಗಂಡ ಸತ್ತವಳು ವಕೀಲರ ಜಗುಲಿ ಹತ್ತುವ ಮೊದಲೇ ಅವಳ ಅರ್ಜಿ ಕೋರ್ಟಿನಲ್ಲಿರಬೇಕು! ಕಾರವಾರ, ಅಂಕೋಲೆ ತಾಲೂಕಿನ ಠಾಣೆಗಳಿಂದ ಇಂಥ ವರದಿ ಎಷ್ಟು ಹೋಗಿವೆ, ಎಷ್ಟು ಅರ್ಜಿಗಳಾಗಿ ನಡೆದಿವೆ ಎಂಬುದನ್ನು ಜಿಲ್ಲಾ ಪೋಲೀಸ್ ಅಧಿಕಾರಿಗಳು ತಿಂಗಳು ತಿಂಗಳು ಠಾಣೆಯ ಹಲಗೆಯ ಮೇಲೆ ಬರೆದು ತೋರಿಸಲಿ. ನಿಂತ ಲಾರಿಗೆ ಬಡಿದ ಪ್ರತಿಯೊಂದು ಪಂಚನಾಮೆಯಲ್ಲಿ ಹಿಂದಿನ ದೀಪ, ಹೊಳೆವ ಪಟ್ಟಿ, ಅಡ್ಡಪಟ್ಟಿ, ನಿಂತ ಜಾಗ ಇವನ್ನು ಬರೆಯದೆ ಸಹಿ ಹಾಕಬಾರದೆಂದು ಆಜ್ಞೆಯಾಗಲಿ. ಮಾಜಾಳಿ ನಾಕೆಯ ಎರಡೂ ಬದಿಗೆ ಲಾರಿ ನಿಲ್ಲುವ ತಾಣ, ದೀಪದ ಕಂಬ ಬೇಕು. ಹೆದ್ದಾರಿಯಲ್ಲಿ ಟೋಲು ಎತ್ತುವವರಿಗೆ ಅಷ್ಟೂ ಮಾಡಲು ಬಾರದೆ?

ಅಲ್ಲಿಯವರೆಗೆ ನಮ್ಮ ಜನ ಕೈಕಟ್ಟಿ ಕೂಡಬಾರದು. ಅಪಘಾತ ಕಂಡವರು ಮೊದಲು ಗಾಯಾಳುವನ್ನು ಎತ್ತಿರಿ. ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ನಗದಿಲ್ಲದೆ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಲ್ಲಿ ಬಂದಿದೆಯೆಂದು ಆಸ್ಪತ್ರೆಯಲ್ಲಿ ಹೇಳಿರಿ. ಆಮೇಲೆ, ಲಾರಿ ಕದಲುವ ಮೊದಲು, ಯಾರ ಕೈಯಲ್ಲಿ ಮೊಬೈಲಿದೆಯೋ ಅವರು ಅದರ ಹಿಂಬದಿಯ ಚಿತ್ರ ತೆಗೆಯಿರಿ: ನಂಬರು, ದೀಪ, ಚಕ್ರ ನಿಂತ ಜಾಗ. ಪಂಚರಾಗಿ ಕರೆದರೆ ಹೋಗಿರಿ, ಓದಿಸಿಕೊಳ್ಳದೆ ಸಹಿ ಹಾಕಬೇಡಿರಿ. ಮನೆಯವರು ಪಂಚನಾಮೆಯ, ಫಿರ್ಯಾದಿಯ ನಕಲು ಕೇಳಿ ಪಡೆಯಿರಿ. ಅದನ್ನು ಕೊಡುವುದು ಪೋಲೀಸರ ಕರ್ತವ್ಯ. ಖಾಲಿ ಕಾಗದಕ್ಕೆ, ಖಾಲಿ ವಕಾಲತ್ತಿಗೆ ಸಹಿ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಬಿಟ್ಟಿ ವಕೀಲರನ್ನು ಕೇಳುವ ಹಕ್ಕಿದೆ. ಆರು ತಿಂಗಳೆಂದು ನಂಬಿ ಆರನೆಯ ತಿಂಗಳಿಗೆ ಕಾಯಬೇಡಿರಿ. ಮನೆಯಲ್ಲಿ ಇಂಥ ಕಾಗದ ಬಂದು ಬಿದ್ದಿದ್ದರೆ ಪಕ್ಷದ ಕಚೇರಿಗೆ ತಂದು ಓದಿಸಿಕೊಳ್ಳಿರಿ. ಸಂತೆಯ ದಿನವೂ ಬಾಗಿಲು ತೆರೆದಿರುತ್ತದೆ, ಓದಿ ಹೇಳಲು ಹಣವಿಲ್ಲ.